ಬೆತ್ತ ಕೆಳಗಿಟ್ಟ ಮೇಲೆ ಎಂತ ಮಾಡುವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಮಕ್ಕಳ ವಿಷಯದ ಪತ್ರಗಳೇ ಜಾಸ್ತಿ ಬಂದಿವೆ, ಅದರಲ್ಲೂ ಪೆಟ್ಟಿನ ವಿಷಯ. ಮೊದಲನೆಯದ್ದು ಉದ್ದ ಪತ್ರ, ಹೆಸರು ತೆಗೆದು ಸ್ವಲ್ಪ ಕಡಿಮೆ ಮಾಡಿ ಹಾಕಿದ್ದೇನೆ. ಅದರ ಉತ್ತರವೂ ಉದ್ದ ಆಗಿದೆ, ಯಾಕಂದ್ರೆ ಇದೇ ಕಷ್ಟ ಇರುವ ಮನೆಗಳು ನಮ್ಮ ಕಾಸರಗೋಡಿನ ಕಡೆ ತುಂಬಾ ಉಂಟು.

ಪ್ರಶ್ನೆ: ಅಕ್ಕಾ ನಮಸ್ಕಾರ. ನನ್ನ ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ನಾಲ್ಕರವರೆಗೆ ಮನೆ ಹತ್ರದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ, ಕನ್ನಡ ಮೀಡಿಯಂ, ಯಾವ ಕಂಪ್ಲೇಂಟೂ ಇರಲಿಲ್ಲ. ಈ ಜೂನ್‌ನಲ್ಲಿ ದೊಡ್ಡ ಶಾಲೆಗೆ ಹಾಕಿದೆವು, ಬಸ್ಸಲ್ಲಿ ಹೋಗ್ಬೇಕು, ಅಲ್ಲಿ ಮಲಯಾಳ ಮಾತಾಡುವ ಮಕ್ಕಳೇ ಜಾಸ್ತಿ. ಅಲ್ಲಿಂದ ಶುರು ಆಯ್ತು. ಮನೆಗೆ ಬಂದ ಕೂಡ್ಲೇ ಬ್ಯಾಗ್ ಬಿಸಾಡ್ತಾನೆ, ಆರು ವರ್ಷದ ತಂಗಿಗೆ ಸುಮ್ಮಸುಮ್ಮನೆ ಹೊಡಿತಾನೆ, ಹೊಡಿಯುವಾಗ "ಎಷ್ಟು ಸಲ ಹೇಳ್ಬೇಕು ನಿಂಗೆ" ಅಂತ ಬೊಬ್ಬೆ ಬೇರೆ. ಹೋಂವರ್ಕ್ ಇಲ್ಲ ಅಂತ ಸುಳ್ಳು. ಕಳೆದ ತಿಂಗಳು ಅತ್ತೆಯವರ ಎಲೆಅಡಿಕೆ ಡಬ್ಬಿಯಿಂದ 200 ರೂಪಾಯಿ ತೆಗೆದು ಕ್ಲಾಸಿನ ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿದ್ದಾನೆ. ಅವತ್ತು ನಾನು ಬೆತ್ತದಲ್ಲಿ ಬಾರಿಸಿದೆ, ಗಂಡನ ಅಣ್ಣನೂ ಎರಡು ಕೊಟ್ರು. ಗಂಡ ಕತಾರಿನಲ್ಲಿ, ಎರಡು ವರ್ಷಕ್ಕೊಮ್ಮೆ ಬರುವುದು. ಶುಕ್ರವಾರ ರಜೆ ದಿನ ವಿಡಿಯೋ ಕಾಲ್ ಮಾಡ್ತಾರೆ, ಆಗ ನಾನು ವಾರದ್ದೆಲ್ಲ ಹೇಳ್ತೇನೆ, ಅವರು ಅವನಿಗೆ ಜೋರು ಮಾಡ್ತಾರೆ. ಈಗ ಅಪ್ಪನ ಫೋನು ಬಂದ್ರೆ ಅವನು ತೋಟಕ್ಕೆ ಓಡ್ತಾನೆ. ಮೊನ್ನೆ ಬೆತ್ತ ತೆಗೆದಾಗ ಮಾತ್ರ ಓಡಲಿಲ್ಲ, ಅಳಲೂ ಇಲ್ಲ, ಎದುರು ನಿಂತು "ಹೊಡಿ, ಎಷ್ಟು ಬೇಕಾದ್ರೂ ಹೊಡಿ" ಅಂದ. ನನ್ನ ಕೈ ನಡುಗಿತು, ಬೆತ್ತ ಬಿಸಾಡಿ ಒಳಗೆ ಹೋಗಿ ಕಣ್ಣೀರು ಹಾಕಿದೆ. ಪೆಟ್ಟು ಕಡಿಮೆ ಆದದ್ದು ಅಂತ ಅತ್ತೆ ಹೇಳ್ತಾರೆ. ಪಿಟಿಎ ಮೀಟಿಂಗಿನಲ್ಲಿ ಹೊಡಿಬಾರದು ಅಂದ್ರು, ಹೊಡಿಯದೆ ಎಂತ ಮಾಡುವುದು ಅಂತ ಮಾತ್ರ ಯಾರೂ ಹೇಳಲಿಲ್ಲ. ಹಾಗೇ ಬಿಟ್ರೆ ತಲೆ ಮೇಲೆ ಹತ್ತಿ ಕೂರ್ತಾನೆ ಅಂತ ಹೆದರಿಕೆ. ದಾರಿ ಹೇಳಿ ಅಕ್ಕಾ.
– ಬದಿಯಡ್ಕ ಕಡೆಯ ಒಬ್ಬರು ಅಮ್ಮ

ಉತ್ತರ: ತಂಗಿ, ಪಿಟಿಎ ಮೀಟಿಂಗಿನ ಬಗ್ಗೆ ನೀವು ಬರೆದದ್ದು ಸರಿಯಾದ ಮಾತು. ಹೊಡಿಬೇಡಿ ಅಂತ ಮಾತ್ರ ಹೇಳಿ ಕಳಿಸಿದ್ರೆ ಅಮ್ಮಂದಿರ ಹತ್ರ ಉಳಿಯುವುದು ಬೊಬ್ಬೆ ಹಾಕುವುದು, ಇಲ್ಲದಿದ್ರೆ ಹಾಗೇ ಬಿಟ್ಟುಬಿಡುವುದು, ಎರಡರಲ್ಲೂ ಏನೂ ಆಗುವುದಿಲ್ಲ, ಮತ್ತೆ ನಾಲ್ಕನೇ ದಿನಕ್ಕೆ ಬೆತ್ತ ಎಲ್ಲಿ ಅಂತ ಹುಡುಕುವುದು. ಹಾಗಾಗಿ ಹೊಡಿಬೇಡಿ ಅನ್ನುವುದಕ್ಕಿಂತ, ಬೆತ್ತ ಇಟ್ಟ ಮೇಲೆ ಆ ಜಾಗದಲ್ಲಿ ಎಂತ ಬರ್ಬೇಕು ಅಂತ ಹೇಳ್ತೇನೆ.

ಮೊದಲು ಆ "ಹೊಡಿ" ಅಂದ ಮಾತು. ಪೊಗರು ಅಂತ ಮನೆಯವರಿಗೆ ಕಂಡಿರಬಹುದು, ನನಗೆ ಹಾಗೆ ಕಾಣುವುದಿಲ್ಲ. ಪೆಟ್ಟು ಅವನಿಗೆ ಅಂಗಡಿಯ ಬಾಕಿ ತೀರಿಸಿದ ಹಾಗೆ ಆಗಿದೆ, ಮಾಡಿದೆ, ತಿಂದೆ, ಲೆಕ್ಕ ಚುಕ್ತಾ. ಚುಕ್ತಾ ಆದ ಮೇಲೆ ತಂಗಿಗೆ ನೋವಾಯ್ತಾ, ಅಜ್ಜಿಯ ದುಡ್ಡು ಹೋಯ್ತಾ ಅಂತ ಯೋಚನೆ ಮಾಡುವ ಅಗತ್ಯವೇ ಬೀಳುವುದಿಲ್ಲ. ಇನ್ನೂ ಜೋರು ಪೆಟ್ಟು ಕೊಟ್ರೆ ಇನ್ನೂ ಜೋರು ತಡ್ಕೊಳ್ಳುವುದನ್ನು ಕಲಿತಾನೆ ಅಷ್ಟೇ, ಎರಡು ವರ್ಷ ಕಳೆದು ನಿಮ್ಮಷ್ಟೇ ಎತ್ತರ ಆದಾಗ ಆ ಕೈ ಹಿಡಿದು ನಿಲ್ಲಿಸ್ತಾನೆ. ಬೆತ್ತಕ್ಕೆ ಹೆದರಿ ಕೂರುವ ಮಗು ಯಾವುದು ತಪ್ಪು ಅಂತ ಕಲಿಯುವುದಿಲ್ಲ, ಬೆತ್ತ ಹಿಡಿಯುವವರು ಮನೆಯಲ್ಲಿ ಯಾವಾಗ ಇರ್ತಾರೆ ಅಂತ ಕಲಿತದೆ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಅಮೆರಿಕದ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಯ್ಲರ್ ಅನ್ನುವ ಇಬ್ಬರು ಸಂಶೋಧಕರು 50 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2016ರಲ್ಲಿ ಪ್ರಕಟ ಮಾಡಿದ್ರು, 1 ಲಕ್ಷ 60 ಸಾವಿರಕ್ಕೂ ಜಾಸ್ತಿ ಮಕ್ಕಳ ಲೆಕ್ಕ ಅದು. ಅವರು ನೋಡಿದ್ದು ಬಾಸುಂಡೆ ಬರುವ ಪೆಟ್ಟನ್ನಲ್ಲ, ನಾವು "ಒಂದು ಸಣ್ಣ ಪೆಟ್ಟು" ಅಂತ ಹೇಳುವಂಥದ್ದೇ, ಬರಿಗೈಯಲ್ಲಿ ಕುಂಡೆಗೆ, ಕೈಕಾಲಿಗೆ ಕೊಡುವುದು. ಅಂಥ ಪೆಟ್ಟಿನಿಂದ ಮಕ್ಕಳು ಮಾತು ಕೇಳುವುದು ಜಾಸ್ತಿ ಆದದ್ದು ಕಾಣಲಿಲ್ಲ, ಪೆಟ್ಟಿನ ಜೊತೆ ಕಂಡದ್ದು ಎದುರು ಬೀಳುವುದು, ಬೇರೆಯವರ ಮೇಲೆ ಕೈ ಮಾಡುವುದು, ಮನಸ್ಸಿನ ಕಷ್ಟ ಇಂಥದ್ದೇ. ಇನ್ನೊಂದು ಹಳೆಯ ಪ್ರಯೋಗ ಉಂಟು, 1961ರದ್ದು, ಆಲ್ಬರ್ಟ್ ಬಂಡೂರ ಅನ್ನುವ ಮನಃಶಾಸ್ತ್ರಜ್ಞರದ್ದು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಹೊಡಿಯುವುದನ್ನು ಸಣ್ಣ ಮಕ್ಕಳಿಗೆ ತೋರಿಸಿದ್ರು. ಆಮೇಲೆ ಆ ಮಕ್ಕಳಲ್ಲಿ ತುಂಬಾ ಜನ ಅದೇ ಥರ ಹೊಡೆದದ್ದು ಮಾತ್ರ ಅಲ್ಲ, ದೊಡ್ಡವರು ಹೊಡಿಯುವಾಗ ಆಡಿದ ಮಾತನ್ನೂ ಆಡಿದ್ರು. ಈಗ ನಿಮ್ಮ ಮಗ ತಂಗಿಗೆ ಹೊಡಿಯುವಾಗ ಹೇಳುವ ಮಾತು ನೆನಪು ಮಾಡಿ. "ಎಷ್ಟು ಸಲ ಹೇಳ್ಬೇಕು ನಿಂಗೆ." ಅದು ಯಾರ ಮಾತು ಅಂತ ನಿಮಗೆ ಗೊತ್ತುಂಟು. ಬೇಜಾರು ಮಾಡ್ಬೇಡಿ, ನಿಮ್ಮನ್ನು ದೂರುವುದಕ್ಕೆ ಹೇಳಿದ್ದಲ್ಲ. ನೀವು ಶಾಂತವಾಗಿ ಆಡುವ ಮಾತನ್ನೂ ಅವನು ಹಾಗೇ ಎತ್ತಿಕೊಳ್ತಾನೆ, ಅದಕ್ಕೆ ಹೇಳಿದ್ದು.

ಇನ್ನು ಐಸ್‌ಕ್ರೀಂ. ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿ. ಕದ್ದ ದುಡ್ಡಿನಲ್ಲಿ ಅವನು ತನಗೆ ಆಟದ ಸಾಮಾನು ತೆಗೆದುಕೊಳ್ಳಲಿಲ್ಲ, ಮಿಠಾಯಿ ತಗೊಂಡು ಒಬ್ಬನೇ ತಿನ್ನಲಿಲ್ಲ, ಕ್ಲಾಸಿನವರಿಗೆಲ್ಲ ಕೊಡಿಸಿದ. ಹತ್ತು ವರ್ಷದ ಹುಡುಗ ಯಾಕೆ ಹಾಗೆ ಮಾಡ್ತಾನೆ? ಜೊತೆಗೆ ಸೇರಿಸಿಕೊಳ್ಳಲಿ ಅಂತ. ನಾಲ್ಕು ವರ್ಷ ಅವನಿಗೆ ಎಲ್ಲರೂ ಗೊತ್ತಿದ್ದ ಸಣ್ಣ ಶಾಲೆ, ಮನೆಮಾತಿನಲ್ಲೇ ಜಗಳ, ಮನೆಮಾತಿನಲ್ಲೇ ಆಟ. ಈಗ ದೊಡ್ಡ ಗ್ರೌಂಡಿನಲ್ಲಿ ಮಲಯಾಳದಲ್ಲಿ ತಮಾಷೆ ಮಾಡ್ತಾರೆ, ಇವನಿಗೆ ಅರ್ಥ ಆಗುವಷ್ಟರಲ್ಲಿ ಎಲ್ಲರೂ ನಕ್ಕಾಗಿರ್ತದೆ, ತಿರುಗಿ ಹೇಳ್ಲಿಕ್ಕೆ ಮಾತು ಬರುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬದಲಾಗುವ ನಮ್ಮ ಗಡಿಯ ಕನ್ನಡ ಮಕ್ಕಳು ಎಷ್ಟೋ ಜನ ಇದನ್ನು ಅನುಭವಿಸ್ತಾರೆ, ಮನೆಯಲ್ಲಿ ಹೇಳುವುದಿಲ್ಲ, ಹೇಳ್ಲಿಕ್ಕೆ ಅವರಿಗೇ ಗೊತ್ತಾಗುವುದಿಲ್ಲ. ದಿನ ಇಡೀ ನುಂಗಿದ್ದನ್ನು ಸಂಜೆ ನಾಲ್ಕೂವರೆಗೆ ಬ್ಯಾಗಿನ ಜೊತೆ ಬಿಸಾಡ್ತಾರೆ. ನಿಮ್ಮ ಮಗನದ್ದು ಇದೇ ಅಂತ ನಾನು ಇಲ್ಲಿ ಕೂತು ಖಂಡಿತ ಮಾಡಿ ಹೇಳ್ಲಿಕ್ಕಾಗದು, ಬಸ್ಸಲ್ಲಿ ಯಾರಾದ್ರೂ ದೊಡ್ಡ ಹುಡುಗರು ತೊಂದರೆ ಕೊಡ್ತಾರಾ, ಪಾಠ ಅರ್ಥ ಆಗ್ತದಾ, ಅದನ್ನೂ ನೋಡ್ಬೇಕು. ಕ್ಲಾಸ್ ಟೀಚರ ಹತ್ರ ಹೋಗಿ "ಇವನು ಇಂಟರ್ವೆಲ್‌ನಲ್ಲಿ ಯಾರ ಜೊತೆ ಇರ್ತಾನೆ" ಅಂತ ಒಂದೇ ಪ್ರಶ್ನೆ ಕೇಳಿ. "ನನ್ನ ಮಗ ಹೇಗಿದ್ದಾನೆ" ಅಂತ ಕೇಳಿದ್ರೆ ಮಾರ್ಕಿನ ಉತ್ತರ ಸಿಗ್ತದೆ.

ಅಡುಗೆಮನೆಯಲ್ಲಿ ಸೊಸೈಟಿಯ ಕ್ಯಾಲೆಂಡರ್ ಇರ್ತದಲ್ಲ, ಒಂದು ವಾರ ಅದರ ಮೇಲೆ ಬರೆಯಿರಿ. ಗಲಾಟೆ ಎಷ್ಟು ಹೊತ್ತಿಗೆ ಆಯ್ತು, ಅದಕ್ಕೆ ಸ್ವಲ್ಪ ಮೊದಲು ಎಂತ ನಡೆದಿತ್ತು, ಆದ ಮೇಲೆ ನೀವು ಎಂತ ಮಾಡಿದ್ರಿ, ಮೂರೇ ವಿಷಯ. ಹೆಚ್ಚಿನ ಮನೆಗಳಲ್ಲಿ ಎರಡು ಹೊತ್ತು ಎದ್ದು ಕಾಣ್ತದೆ, ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆ ಮತ್ತೆ ಹೋಂವರ್ಕಿನ ಹೊತ್ತು. ಮೊದಲನೆಯದ್ದಕ್ಕೆ ಮದ್ದು ಸುಲಭ. ಬಂದ ಕೂಡ್ಲೇ ಪ್ರಶ್ನೆ ಬೇಡ, ಡೈರಿ ತೆಗೆಯುವುದು ಬೇಡ, ಬ್ಯಾಗ್ ಎಲ್ಲಿ ಬಿದ್ದಿದೆಯೋ ಅಲ್ಲೇ ಇರಲಿ. ಕೈಕಾಲು ತೊಳೆದು ಬರಲಿ, ಅವಲಕ್ಕಿಯೋ ದೋಸೆಯೋ ಮುಂದೆ ಇಟ್ಟು ನೀವು ಹತ್ರ ಕೂತ್ಕೊಳ್ಳಿ, ಮಾತಾಡದಿದ್ರೂ ಪರ್ವಾಗಿಲ್ಲ. ಆ ಅರ್ಧ ಗಂಟೆ ತಂಗಿ ಅಜ್ಜಿಯ ಹತ್ರ ಇರಲಿ. ಇಷ್ಟರಲ್ಲೇ ಅರ್ಧ ಜಗಳ ನಿಂತ ಮನೆಗಳು ಉಂಟು.

ಶುಕ್ರವಾರದ ಕಾಲ್ ಬಗ್ಗೆ ನಾನು ಸ್ವಲ್ಪ ಖಡಕ್ ಆಗಿ ಹೇಳ್ತೇನೆ. ಎರಡು ವರ್ಷಕ್ಕೊಮ್ಮೆ ಕಾಣುವ ಅಪ್ಪ ವಾರಕ್ಕೊಮ್ಮೆ ಸ್ಕ್ರೀನಿನಲ್ಲಿ ಬರುವುದು ಬೈಯ್ಲಿಕ್ಕೆ ಮಾತ್ರ ಅಂತಾದ್ರೆ ಆ ಮಗುವಿಗೆ ಅಪ್ಪ ಎಲ್ಲಿ ಉಳಿದ? ತೋಟಕ್ಕೆ ಓಡದೆ ಇನ್ನೇನು ಮಾಡ್ತಾನೆ? ಇವತ್ತಿಂದಲೇ ಬದಲು ಮಾಡಿ. ಮೊದಲ ಹತ್ತು ನಿಮಿಷ ಅಪ್ಪ ಮಗ ಇಬ್ಬರದ್ದು, ಅದರಲ್ಲಿ ದೂರು ಇಲ್ಲ, ಓದಿದ್ದಿಯಾ ಬರೆದಿದ್ದಿಯಾ ಇಲ್ಲ. ಅಪ್ಪ ಅಲ್ಲಿನ ರೂಮು ತೋರಿಸಲಿ, ಊಟಕ್ಕೆ ಎಂತ ಮಾಡಿದ್ದು ಅಂತ ಹೇಳಲಿ, ಇವನು ಇಲ್ಲಿ ದನದ ಕರು, ಕೆರೆ, ಹೊಸ ಬೌಲಿಂಗ್ ಯಾವುದಾದ್ರೂ ತೋರಿಸಲಿ. ದೂರು ಹೇಳ್ಬೇಕಾದ್ರೆ ಮಕ್ಕಳು ಮಲಗಿದ ಮೇಲೆ ಹೇಳಿ, ಇಲ್ಲಿ ರಾತ್ರಿ ಒಂಬತ್ತೂವರೆ ಆದಾಗ ಕತಾರಿನಲ್ಲಿ ಏಳು ಗಂಟೆ ಅಷ್ಟೇ. ಗಲ್ಫಿನಲ್ಲಿರುವ ಅಪ್ಪಂದಿರು ಇದನ್ನು ಓದ್ತಾ ಇದ್ರೆ ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ, ನೀವು ಬೆವರು ಸುರಿಸಿ ದುಡ್ಡು ಕಳಿಸುವುದು ಯಾರಿಗಾಗಿ ಅಂತ ಆ ಮಗುವಿಗೆ ನಿಮ್ಮ ಬಾಯಿಂದ ಗೊತ್ತಾಗ್ಬೇಕು.

ಇಷ್ಟೆಲ್ಲ ಮಾಡಿದ್ರೂ ಅವನು ಹೊಡಿತಾನೆ, ಬಿಸಾಡ್ತಾನೆ. ಆ ನಿಮಿಷಕ್ಕೆ ಎಂತ ಮಾಡುವುದು?

ಅಡುಗೆಮನೆಯಿಂದ ಬೊಬ್ಬೆ ಹಾಕ್ಬೇಡಿ, ಎದ್ದು ಹತ್ರ ಹೋಗಿ. ಇಬ್ಬರ ನಡುವೆ ನಿಂತು ಎತ್ತಿದ ಕೈಯನ್ನು ನೋವಾಗದ ಹಾಗೆ ಹಿಡಿದು "ಹೊಡಿಲಿಕ್ಕಿಲ್ಲ" ಅಂತ ಒಂದೇ ಮಾತು, ಸಣ್ಣ ಸ್ವರದಲ್ಲಿ. ಆಮೇಲೆ ಅವನನ್ನು ಅಲ್ಲೇ ಬಿಟ್ಟು ತಂಗಿಯನ್ನು ಎತ್ತಿಕೊಳ್ಳಿ, ಅವಳಿಗೆ ಎಲ್ಲಿ ತಾಗಿದೆ ನೋಡಿ. ನಾವು ಸಾಧಾರಣ ಇದನ್ನು ತಿರುಗಿಸಿ ಮಾಡ್ತೇವೆ, ಹೊಡೆದವನ ಮೇಲೆ ಹತ್ತು ನಿಮಿಷ ಕೂಗಾಡ್ತೇವೆ, ಪೆಟ್ಟು ತಿಂದವಳು ಮೂಲೆಯಲ್ಲಿ ಅಳ್ತಾ ಇರ್ತಾಳೆ. ಅಂದ್ರೆ ಅಮ್ಮ ಬೇಕಾದ್ರೆ ತಂಗಿಗೆ ಹೊಡಿಬೇಕು ಅಂತ ನಾವೇ ಹೇಳಿಕೊಟ್ಟ ಹಾಗಾಯ್ತು. ಅವನ ಸಿಟ್ಟು ಇಳಿಯುವವರೆಗೆ ಬುದ್ಧಿವಾದ ಬೇಡ, ಆಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ಜಗಲಿಯಲ್ಲೋ ಅಂಗಳದಲ್ಲೋ ಹತ್ತು ನಿಮಿಷ ಒಬ್ಬನೇ ಕೂರಲಿ, ನೀವು ಕಾಣುವ ಹಾಗೆ. ಕೂರಿಸುವುದು ತಣ್ಣಗಾಗ್ಲಿಕ್ಕೆ, ಅವಮಾನ ಮಾಡ್ಲಿಕ್ಕೆ ಅಲ್ಲ. ನಿಮಗೇ ಸಿಟ್ಟು ಮೇಲೆ ಬಂದು ಕೈ ಎದ್ದರೆ ನೀವೇ ಅಲ್ಲಿಂದ ಹೋಗಿ, "ನಂಗೆ ಈಗ ಸಿಟ್ಟು ಬಂದಿದೆ, ಮುಖ ತೊಳೆದು ಬರ್ತೇನೆ, ಆಮೇಲೆ ಮಾತಾಡುವ" ಅಂತ ಹೇಳಿ ಬಾವಿಕಟ್ಟೆಗೆ ಹೋಗಿ ಬನ್ನಿ. ಸಿಟ್ಟು ಬಂದಾಗ ದೊಡ್ಡವರು ಎಂತ ಮಾಡ್ತಾರೆ ಅಂತ ಅವನು ನೋಡ್ತಾ ಇರ್ತಾನೆ.

ಊಟ ಆದ ಮೇಲೆ ಮಾತು. ಆ ಹೊತ್ತಿಗೆ ಶಿಕ್ಷೆ ಇರ್ಬೇಕಾ ಅಂತ ಕೇಳಿದ್ರೆ, ಹೌದು, ಮಾಡಿದ್ದಕ್ಕೆ ಅವನು ಜವಾಬು ಕೊಡ್ಲೇಬೇಕು. ಅದು ಸಣ್ಣದಿರ್ಬೇಕು, ಅವತ್ತೇ ಇಲ್ಲವೇ ಮಾರನೇ ದಿನ ಮುಗೀಬೇಕು, ಮಾಡಿದ ತಪ್ಪಿಗೆ ಸಂಬಂಧ ಇರ್ಬೇಕು, ಮೊದಲೇ ಹೇಳಿ ಇಟ್ಟಿರ್ಬೇಕು. ಸೈಕಲ್ ತಂಗಿಯ ಮೇಲೆ ಹಾಯಿಸಿದ್ರೆ ನಾಳೆ ಸಂಜೆ ಸೈಕಲ್ ಇಲ್ಲ, ನಾಡಿದ್ದು ಉಂಟು. ನೀರು ಚೆಲ್ಲಿದ್ರೆ ನೆಲ ಒರೆಸಿ ಆಮೇಲೆ ಆಟ. "ಒಂದು ತಿಂಗಳು ಟಿವಿ ಇಲ್ಲ, ಮೊಬೈಲ್ ಮುಟ್ಟಿದ್ರೆ ನೋಡು" ಅಂತ ಹೇಳಿದ್ದು ಮೂರನೇ ದಿನಕ್ಕೆ ಯಾರ ಮನೆಯಲ್ಲೂ ನಿಲ್ಲುವುದಿಲ್ಲ, ಅಮ್ಮನಿಗೆ ತಲೆನೋವು ಬಂದ ದಿನ ಅವರೇ ಮೊಬೈಲ್ ಕೊಟ್ಟು ಕೂರಿಸ್ತಾರೆ, ಮಗುವಿಗೆ ಗೊತ್ತಾಗಿಬಿಡ್ತದೆ ಈ ಮಾತಿಗೆ ಬೆಲೆ ಇಲ್ಲ ಅಂತ. ದೊಡ್ಡ ಶಿಕ್ಷೆ ಒಮ್ಮೊಮ್ಮೆ ಕೊಡುವುದಕ್ಕಿಂತ ಸಣ್ಣದು ಪ್ರತಿ ಸಲವೂ ತಪ್ಪದೆ ಬರುವುದು ಗಟ್ಟಿ. ಬೆತ್ತ ಎತ್ತುವುದಕ್ಕಿಂತ ಇದು ಕಷ್ಟದ ಕೆಲಸ, ಸುಳ್ಳು ಹೇಳುವುದಿಲ್ಲ, ಬೆತ್ತ ಎರಡು ನಿಮಿಷಕ್ಕೆ ಮುಗಿತದೆ, ಇದಕ್ಕೆ ನೀವು ಮಾರನೇ ದಿನ ಸಂಜೆಯೂ ನೆನಪಿಟ್ಟು ಸೈಕಲಿನ ಬೀಗ ಹಾಕಿಯೇ ಇರ್ಬೇಕು, ಅವನು ಎಷ್ಟು ಗೋಗರೆದ್ರೂ.

ಆ 200 ರೂಪಾಯಿ ಕೂಡ ಇನ್ನೂ ಮುಗಿದಿಲ್ಲ ಅಂತ ನನಗೆ ಕಾಣ್ತದೆ. ಪೆಟ್ಟಾಯ್ತು, ಅಜ್ಜಿಗೆ ದುಡ್ಡು ಬಂತಾ? ಅವನನ್ನು ಕಳ್ಳ ಅಂತ ಕರೆಯುವುದು ಮನೆಯಲ್ಲಿ ಯಾರೂ ಬೇಡ, ಆ ಹೆಸರು ಒಮ್ಮೆ ಬಿದ್ರೆ ಅವನೇ ಅದನ್ನು ನಂಬ್ತಾನೆ. "ಅಜ್ಜಿಯ ದುಡ್ಡು ವಾಪಸ್ ಆಗ್ಬೇಕು, ಹೇಗೆ ಮಾಡುವ" ಅಂತ ಅವನನ್ನೇ ಕೇಳಿ. ಹಬ್ಬಕ್ಕೆ ಸಿಕ್ಕಿದ ದುಡ್ಡಿನಿಂದ ಸ್ವಲ್ಪ, ಭಾನುವಾರ ಅಜ್ಜಿಯ ಜೊತೆ ಅಂಗಳದ ಅಡಿಕೆ ರಾಶಿ ಮಾಡಿ ಸ್ವಲ್ಪ, ಹೀಗೆ ತೀರಿಸಲಿ. ಪೂರ್ತಿ ತೀರಿದ ದಿನ ಅಜ್ಜಿ ತಾನೇ ಅವನಿಗೆ "ಆಯ್ತು ಮಗ, ಸಂದಾಯ ಆಯ್ತು" ಅಂತ ಹೇಳಲಿ, ಆಮೇಲೆ ಆ ವಿಷಯ ಯಾರೂ ಎತ್ತುವ ಹಾಗಿಲ್ಲ, ನೆಂಟರ ಎದುರಂತೂ ಬೇಡವೇ ಬೇಡ.

ಇನ್ನೊಂದು, ತುಂಬಾ ಮುಖ್ಯ. ಯೇಲ್ ವಿಶ್ವವಿದ್ಯಾಲಯದ ಅಲನ್ ಕಾಜ್ಡಿನ್ ಅನ್ನುವವರು ಹಠ, ಸಿಟ್ಟು, ಹೊಡೆದಾಟದ ಮಕ್ಕಳ ಅಪ್ಪ ಅಮ್ಮಂದಿರಿಗೆ ತರಬೇತಿ ಕೊಡುವುದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು, ಅವರು ಒತ್ತಿ ಹೇಳುವುದು ಇದನ್ನೇ: ಶಿಕ್ಷೆ ಒಂದನ್ನು ನಿಲ್ಲಿಸಬಹುದು, ಅದರ ಬದಲು ಎಂತ ಮಾಡ್ಬೇಕು ಅಂತ ಕಲಿಸುವುದಿಲ್ಲ. ಹಾಗಾಗಿ ತಪ್ಪನ್ನು ಹಿಡಿಯುವ ಹಾಗೆಯೇ ಸರಿ ಮಾಡಿದ್ದನ್ನೂ ಕಾದು ಹಿಡೀಬೇಕು. ತಂಗಿ ಅವನ ಪೆನ್ಸಿಲ್ ಎತ್ತಿಕೊಂಡಾಗ ಅವನು ಕೈ ಎತ್ತದೆ "ಅಮ್ಮಾ ನೋಡು ಇವಳು" ಅಂತ ಕಿರುಚಿದ್ರೆ, ಕಿರುಚಿದ್ದಕ್ಕೆ ಬೈಬೇಡಿ. ಕೂಡ್ಲೇ ಹತ್ರ ಹೋಗಿ ಬೆನ್ನು ಮುಟ್ಟಿ "ನೀನು ಹೊಡಿಯದೆ ನನ್ನನ್ನು ಕರೆದೆ, ಒಳ್ಳೇದಾಯ್ತು" ಅಂತ ಹೇಳಿ. ಬರೀ "ಗುಡ್ ಬಾಯ್" ಸಾಲದು, ಎಂತ ಮಾಡಿದ್ದು ಒಳ್ಳೇದಾಯ್ತು ಅಂತ ಬಿಡಿಸಿ ಹೇಳ್ಬೇಕು. ನಮ್ಮಲ್ಲಿ ಹೊಗಳಿದ್ರೆ ದೃಷ್ಟಿ ಆಗ್ತದೆ, ಮಕ್ಕಳು ಉಬ್ಬಿ ಹೋಗ್ತಾರೆ ಅಂತ ಹೆದರಿಕೆ, ಹತ್ತು ಬೈಗುಳ ಬಿದ್ದ ದಿನ ಒಂದು ಒಳ್ಳೆ ಮಾತಿಗೆ ಯಾವ ಮಗುವೂ ಉಬ್ಬುವುದಿಲ್ಲ.

ಈಗಲೇ ಹೇಳಿ ಇಡ್ತೇನೆ, ಬೆತ್ತ ಇಟ್ಟ ಮೊದಲ ಎರಡು ಮೂರು ವಾರ ಲೂಟಿ, ಅಂದ್ರೆ ತುಂಟತನ, ಜಾಸ್ತಿ ಆದ್ರೂ ಆಗಬಹುದು. ಮೊದಲು ಬೊಬ್ಬೆ ಹಾಕಿದ್ರೆ ಬೆತ್ತ ಹಿಡಿದು ಓಡಿ ಬರ್ತಿದ್ದ ಅಮ್ಮ ಈಗ ಹಾಗೆ ಬರುವುದಿಲ್ಲ, ಆಗ ಮಗು ಬೊಬ್ಬೆ ಇನ್ನೂ ಜೋರು ಮಾಡಿ ನೋಡ್ತದೆ, ಇದು ಎಷ್ಟೋ ಮಕ್ಕಳಲ್ಲಿ ಆಗುವುದೇ. ಮನೆಯವರು ಆ ವಾರವೇ "ನೋಡು, ಹೊಡಿಯದೆ ಹಾಳಾದ" ಅಂತ ಹೇಳ್ತಾರೆ, ನೀವೂ ಆಗಲೇ ಸೋಲ್ತೀರಿ. ಸೋಲ್ಬೇಡಿ. ಆ ಹೊತ್ತಿಗೆ ಒಮ್ಮೆ ಬೆತ್ತ ತೆಗೆದ್ರೆ, ಇಷ್ಟು ಜೋರು ಮಾಡಿದ್ರೆ ಅಮ್ಮ ಬರ್ತಾಳೆ ಅಂತ ಗೊತ್ತಾಗಿ ಮುಂದಿನ ಸಲ ಅಲ್ಲಿಂದಲೇ ಶುರು ಮಾಡ್ತಾನೆ.

ಅತ್ತೆಯವರದ್ದು ಮತ್ತು ಭಾವನವರದ್ದು ಸೂಕ್ಷ್ಮ. ಸೊಸೆಯಾಗಿ ನೀವು "ನನ್ನ ಮಗನಿಗೆ ಹೊಡಿಬೇಡಿ" ಅಂತ ಎದುರು ಹೇಳಿದ್ರೆ ವಿಷಯ ಮಗನದ್ದು ಹೋಗಿ ನಿಮ್ಮದಾಗ್ತದೆ. ಭಾವನವರಿಗೆ ನಿಮ್ಮ ಗಂಡನೇ ಫೋನ್ ಮಾಡಿ ಹೇಳ್ಬೇಕು, "ಅಣ್ಣಾ, ಅವನ ಲೂಟಿ ಕಂಡ್ರೆ ಅವಳಿಗೆ ಹೇಳು, ಕೈ ಮಾತ್ರ ಎತ್ತುವುದು ಬೇಡ, ನಾವು ಬೇರೆ ಥರ ನೋಡ್ತಾ ಇದ್ದೇವೆ" ಅಂತ. ಅತ್ತೆಯವರಿಗೆ, ಮಕ್ಕಳು ಹತ್ರ ಇಲ್ಲದ ಹೊತ್ತಿನಲ್ಲಿ, ಎಲೆ ಹಾಕುವಾಗಲೋ ಬತ್ತಿ ಹೊಸೆಯುವಾಗಲೋ ಹತ್ರ ಕೂತು ಹೇಳಿ, "ಅತ್ತೆ, ಮೊನ್ನೆ ಅವನು ಹೊಡಿ ಅಂತ ನಿಂತ, ನಂಗೆ ಹೆದರಿಕೆ ಆಯ್ತು, ಮೂರು ತಿಂಗಳು ನನ್ನ ಜೊತೆ ನಿಲ್ತೀರಾ" ಅಂತ. ಹೆಚ್ಚಿನ ಅಜ್ಜಿಯಂದಿರು ಹೀಗೆ ಕೇಳಿದ್ರೆ ಬೇಡ ಅನ್ನುವುದಿಲ್ಲ. ರಾತ್ರಿ ಕಥೆ ಹೇಳುವ ಕೆಲಸ ಅವರಿಗೇ ಕೊಡಿ.

ಹೊಡಿಯುವುದು ಬಿಟ್ಟು ಅದರ ಅಣ್ಣತಮ್ಮಂದಿರನ್ನು ಹಿಡಿಯುವುದೂ ಬೇಡ. ಬಚ್ಚಲಲ್ಲಿ ಕೂಡಿ ಹಾಕುವುದು, ಊಟ ಕೊಡದೆ ಮಲಗಿಸುವುದು, ಮೆಣಸಿನ ಹೊಗೆ ಹಾಕ್ತೇನೆ ಅಂತ ಹೆದರಿಸುವುದು, ದಿನಗಟ್ಟಲೆ ಮಾತು ಬಿಡುವುದು, ದೊಡ್ಡಪ್ಪನ ಮಗನನ್ನು ತೋರಿಸಿ ಹೀಯಾಳಿಸುವುದು, ಹಾಸ್ಟೆಲಿಗೆ ಹಾಕ್ತೇನೆ ಅನ್ನುವುದು, ಚರ್ಮಕ್ಕೆ ತಾಗುವುದಿಲ್ಲ ಅಷ್ಟೇ, ಒಳಗೆ ತಾಗ್ತದೆ.

ಎರಡು ಮೂರು ತಿಂಗಳು ಇದನ್ನು ಮಾಡಿಯೂ ಏನೂ ಇಳಿಯದಿದ್ರೆ, ಅಥವಾ ಮೊದಲೇ ಇಂಥದ್ದು ಕಂಡ್ರೆ ಕಾಯ್ಬೇಡಿ: ನಾಯಿ ಬೆಕ್ಕಿಗೆ ಹಿಂಸೆ ಮಾಡುವುದು, ಬೆಂಕಿ ಹಚ್ಚುವುದು, ರಾತ್ರಿ ನಿದ್ರೆ ಇಲ್ಲದಿರುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರು ಆಗುವುದು, "ನಾನು ಸತ್ರೆ ಒಳ್ಳೇದು" ಅನ್ನುವುದು. ಕೊನೆಯದ್ದನ್ನು ಹೆದರಿಸ್ಲಿಕ್ಕೆ ಹೇಳಿದ್ದು ಅಂತ ಖಂಡಿತ ಬಿಡ್ಬೇಡಿ. ನಮ್ಮ ಕೇರಳ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಿಗೆ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯಿಂದ ಕೌನ್ಸಿಲರ್ ಇದ್ದಾರೆ, ಶಾಲೆಯಲ್ಲಿ ಕೇಳಿ. ಅವರು ಮಲಯಾಳ ಮಾತ್ರ ಮಾತಾಡುವವರಾದ್ರೆ ಕನ್ನಡವೋ ತುಳುವೋ ಬರುವವರು ಬೇಕು ಅಂತ ಧೈರ್ಯವಾಗಿ ಹೇಳಿ, ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮಗು ತನ್ನ ಸಂಕಟ ಹೇಗೆ ಹೇಳ್ತದೆ? ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗ್ತಾರೆ, ಅಲ್ಲಿ ಭಾಷೆಯ ಕಷ್ಟ ಇಲ್ಲ. ಮನೆಯಲ್ಲೇ ಕೂತು ಮಾತಾಡ್ಬೇಕಾದ್ರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಉಂಟು, 2022ರಲ್ಲಿ ಶುರುವಾದದ್ದು, ನಂಬರ್ 14416, ರಾತ್ರಿ ಹಗಲು ಇರ್ತದೆ, ದುಡ್ಡಿಲ್ಲ, ಭಾಷೆ ಆರಿಸುವಾಗ ಕನ್ನಡ ಒತ್ತಿ. ಮಕ್ಕಳ ಸಹಾಯವಾಣಿ 1098 ಮಕ್ಕಳೇ ನೇರ ಮಾಡಬಹುದು.

ಪ್ರಶ್ನೆ: ಮೇಡಂ, ನಮ್ಮನ್ನು ಅಪ್ಪ ನಾಗರಬೆತ್ತದಲ್ಲಿ ಹೊಡೆದೇ ಬೆಳೆಸಿದ್ದು, ಶಾಲೆಯಲ್ಲಿ ಮಾಷ್ಟ್ರು ಕೂಡ. ನಾವು ನಾಲ್ಕು ಜನ ಅಣ್ಣತಮ್ಮಂದಿರು ಮರ್ಯಾದೆಯಲ್ಲಿ ಬಾಳ್ತಾ ಇದ್ದೇವೆ. ಈಗಿನ ಮಕ್ಕಳಿಗೆ ಹೆದರಿಕೆಯೇ ಇಲ್ಲ. ಹೊಡಿಬಾರದು ಅನ್ನುವುದು ಹೊರದೇಶದ ಫ್ಯಾಷನ್ ಅಲ್ಲವೇ?
– ಹೊಸಂಗಡಿಯ ಹಿರಿಯ ಓದುಗರು

ಉತ್ತರ: ಹಿರಿಯರೇ, ನೀವು ನಾಲ್ವರೂ ಚೆನ್ನಾಗಿ ಬಾಳ್ತಾ ಇರುವುದು ಸಂತೋಷ. ಆದ್ರೆ ನಿಮ್ಮ ತಂದೆಯವರು ಬರೀ ಬೆತ್ತ ಹಿಡಿದು ಕೂತವರಲ್ಲ ಅಂತ ನನಗೆ ಖಂಡಿತ ಉಂಟು. ಬೆಳಗ್ಗೆ ಎದ್ದು ತೋಟಕ್ಕೆ ನೀರು ಬಿಟ್ಟವರು, ಜ್ವರ ಬಂದಾಗ ಎತ್ತಿಕೊಂಡು ಡಾಕ್ಟರ ಹತ್ರ ನಡೆದವರು, ರಾತ್ರಿ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದವರು, ಕೊಟ್ಟ ಮಾತು ಉಳಿಸಿಕೊಂಡವರು. ನಿಮ್ಮನ್ನು ಬೆಳೆಸಿದ್ದು ಅದೆಲ್ಲ, ಆ ಯಶಸ್ಸನ್ನು ಬೆತ್ತಕ್ಕೆ ಕೊಟ್ರೆ ತಂದೆಯವರಿಗೆ ಅನ್ಯಾಯ ಆಗ್ತದೆ. ಅದೇ ಬೆತ್ತಕ್ಕೆ ಹೆದರಿ ಆರನೇ ಕ್ಲಾಸಿಗೆ ಶಾಲೆ ಬಿಟ್ಟವರು, ಊರು ಬಿಟ್ಟು ಹೋಟೆಲ್ ಕೆಲಸಕ್ಕೆ ಬೊಂಬಾಯಿಗೆ ಓಡಿದವರು ನಿಮ್ಮ ಕ್ಲಾಸಿನಲ್ಲೇ ಇದ್ದಿರಬಹುದು, ಅವರು ಪತ್ರ ಬರೆಯುವುದಿಲ್ಲ.

ಹೊರದೇಶದ್ದು ಅಂದಿರಲ್ಲ, ಸ್ವೀಡನ್ 1979ರಲ್ಲಿ ಮನೆಯಲ್ಲೂ ಹೊಡಿಬಾರದು ಅಂತ ಜಗತ್ತಿನಲ್ಲೇ ಮೊದಲು ಕಾನೂನು ಮಾಡಿದ್ದು ಹೌದು. ಮಕ್ಕಳ ಹಕ್ಕಿನ ವಿಶ್ವಸಂಸ್ಥೆ ಒಪ್ಪಂದ 1989ರದ್ದು, ಅದಕ್ಕೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟು 30 ವರ್ಷ ದಾಟಿತು. ಮತ್ತೆ ಹೆದರಿಕೆ ಬೇರೆ, ಭಯಭಕ್ತಿ ಬೇರೆ ಅಂತ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು. ಹೊಡಿಯದ ಅಜ್ಜನ ಮಾತನ್ನು ಮೊಮ್ಮಕ್ಕಳು ಕೇಳುವ ಮನೆಗಳು ಆಗಲೂ ಇದ್ದವು.

ಪ್ರಶ್ನೆ: ನಾನು ಮಂಜೇಶ್ವರ ಕಡೆ ಕನ್ನಡ ಮೀಡಿಯಂ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ಅಧ್ಯಾಪಕ. ಏಳನೇ ಕ್ಲಾಸಿನ ಒಬ್ಬ ಹುಡುಗ ಪಾಠ ಮಾಡ್ಲಿಕ್ಕೇ ಬಿಡುವುದಿಲ್ಲ, ಬೇರೆಯವರ ಪುಸ್ತಕ ಎಳೀತಾನೆ, ವಿಚಿತ್ರ ಸ್ವರ ಮಾಡ್ತಾನೆ, ಅದೂ ಭಾಷಾ ಪಾಠದ ಪೀರಿಯಡ್‌ಗಳಲ್ಲೇ. ಆಟದಲ್ಲಿ, ಕೆಲಸದಲ್ಲಿ ಒಳ್ಳೆ ಹುಡುಗ. ಅವನ ಅಪ್ಪ ಬಂದು "ಮಾಷ್ಟ್ರೇ ನಾಲ್ಕು ಕೊಡಿ, ನಾನು ಕೇಳ್ಲಿಕ್ಕೆ ಬರುವುದಿಲ್ಲ" ಅಂತಾರೆ. ಪೋಷಕರೇ ಒಪ್ಪಿದ್ರೆ ಪರ್ವಾಗಿಲ್ಲವಾ?

ಉತ್ತರ: ಇಲ್ಲ ಮಾಷ್ಟ್ರೇ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧ ಮಾಡಿದೆ, ಮೀರಿದ್ರೆ ಇಲಾಖೆಯ ಶಿಸ್ತು ಕ್ರಮ ಉಂಟು, ಅಪ್ಪ ಒಪ್ಪಿದ್ರು ಅಂತ ಅದಕ್ಕೆ ವಿನಾಯಿತಿ ಇಲ್ಲ. ಬೆಂಚಿನ ಮೇಲೆ ನಿಲ್ಲಿಸಿ ನಗಿಸುವುದು, ದಡ್ಡ ಅಂತ ಕರೆಯುವುದು ಕೂಡ ಅದರಲ್ಲೇ ಬರ್ತದೆ.

ಕಾನೂನು ಬದಿಗಿಡುವ. ಭಾಷಾ ಪಾಠದಲ್ಲೇ ಗಲಾಟೆ, ಆಟದಲ್ಲಿ ಒಳ್ಳೆಯವ ಅಂತ ನೀವೇ ಗಮನಿಸಿದ್ದೀರಿ. ನನಗೆ ಬರುವ ಮೊದಲ ಸಂಶಯ, ಅವನಿಗೆ ಓದ್ಲಿಕ್ಕೆ ಬರ್ತದಾ ಅಂತ. ಏಳನೇ ಕ್ಲಾಸಿನವರೆಗೆ ಓದು ಬಾರದೆ ಪಕ್ಕದವನ ಬಾಯಿ ನೋಡಿ ಕಂಠಪಾಠ ಮಾಡಿ ದಾಟಿ ಬಂದ ಮಕ್ಕಳು ಇದ್ದಾರೆ. ಎದ್ದು ನಿಂತು ತಡವರಿಸಿ ಓದಿ ಎಲ್ಲರೂ ನಗುವುದಕ್ಕಿಂತ ವಿಚಿತ್ರ ಸ್ವರ ಮಾಡಿ ಹೊರಗೆ ಹೋಗುವುದು ಆ ಹುಡುಗನಿಗೆ ಮರ್ಯಾದೆಯ ದಾರಿ. ಒಂದು ದಿನ ಶಾಲೆ ಬಿಟ್ಟ ಮೇಲೆ, ಬೇರೆ ಯಾರೂ ಇಲ್ಲದಾಗ, ಮೂರನೇ ಕ್ಲಾಸಿನ ಪುಸ್ತಕದ ಒಂದು ಪುಟ ಓದಿಸಿ ನೋಡಿ. ಒತ್ತಕ್ಷರ ಬಂದಲ್ಲಿ ನಿಲ್ತಾನಾ, ಸಾಲು ಬಿಟ್ಟು ಹೋಗ್ತಾನಾ, ಮೊದಲ ಅಕ್ಷರ ನೋಡಿ ಊಹೆ ಮಾಡಿ ಹೇಳ್ತಾನಾ, ಮೂರನ್ನೂ ನೋಡಿ. ಹೌದಾದ್ರೆ ಕಲಿಕಾ ತೊಂದರೆಯ ಪರೀಕ್ಷೆಗೆ ಕಳಿಸ್ಬೇಕು. 2016ರ ವಿಕಲಚೇತನರ ಹಕ್ಕು ಕಾಯಿದೆಯಲ್ಲಿ ಇದನ್ನೂ ಸೇರಿಸಿದ್ದಾರೆ, ಸರ್ಟಿಫಿಕೇಟ್ ಆದ್ರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯದಂಥ ಅನುಕೂಲ ಕೇಳಬಹುದು. ಪರೀಕ್ಷೆ ಮಾಡುವವರು ಕನ್ನಡದಲ್ಲಿ ಓದಿಸಿ ನೋಡುವವರಾಗ್ಬೇಕು, ಮಲಯಾಳ ಪುಟ ಕೊಟ್ಟು ಓದು ಬರುವುದಿಲ್ಲ ಅಂತ ಬರೆದ್ರೆ ಅದು ಯಾವ ಲೆಕ್ಕ?

ಅಷ್ಟರವರೆಗೆ ಎಲ್ಲರೆದುರು ಗಟ್ಟಿಯಾಗಿ ಓದಿಸುವುದು ನಿಲ್ಲಿಸಿ, ಓದಿಸ್ಬೇಕಾದ್ರೆ ಹಿಂದಿನ ದಿನವೇ ಆ ನಾಲ್ಕು ಸಾಲು ಗುರ್ತು ಹಾಕಿ ಕೊಡಿ. ಗಲಾಟೆ ಶುರು ಆಗುವಾಗ ಹೆಸರು ಕರೆದು ಬೈಯುವ ಬದಲು ಪಾಠ ಮಾಡ್ತಾ ಮಾಡ್ತಾ ಅವನ ಡೆಸ್ಕಿನ ಹತ್ರ ಹೋಗಿ ನಿಂತ್ರೆ ಸಾಕಾಗ್ತದೆ ಎಷ್ಟೋ ಸಲ. ಅಪ್ಪನನ್ನು ಮತ್ತೆ ಕರೆಸಿ, ಈ ಸಲ ದೂರು ಹೇಳ್ಲಿಕ್ಕಲ್ಲ, ಆಟದಲ್ಲಿ ಅವನು ಮಾಡಿದ್ದನ್ನು ಹೇಳ್ಲಿಕ್ಕೆ. ಶಾಲೆಯಿಂದ ಒಳ್ಳೆ ಮಾತು ಕೇಳಿ ಅಭ್ಯಾಸ ಇಲ್ಲದ ಅಪ್ಪಂದಿರೇ "ನಾಲ್ಕು ಕೊಡಿ" ಅನ್ನುವುದು.

ಪ್ರಶ್ನೆ: ನಿನ್ನೆ ಸಿಟ್ಟಿನಲ್ಲಿ ಆರು ವರ್ಷದ ಮಗಳ ಕೆನ್ನೆಗೆ ಹೊಡೆದೆ. ಈಗ ಸಾರಿ ಕೇಳಿದ್ರೆ ಅವಳಿಗೆ ಸಲಿಗೆ ಆಗ್ತದಾ?
– ಪೆರ್ಲದ ಓದುಗರು

ಉತ್ತರ: ಆಗುವುದಿಲ್ಲ, ಇವತ್ತೇ ಕೇಳಿ. ಕೆನ್ನೆ, ಕಿವಿ, ತಲೆಗೆ ಬಿದ್ದ ಪೆಟ್ಟು ಅಪಾಯ ಕೂಡ, ಕಿವಿಯ ತಮಟೆ ಹರಿದುಹೋಗಬಹುದು. ಕಿವಿ ನೋವು ಅಂದ್ರೆ, ಕರೆದದ್ದು ಸರಿ ಕೇಳದಿದ್ರೆ ಡಾಕ್ಟರಿಗೆ ತೋರಿಸಿ, ಹೇಗಾಯ್ತು ಅಂತ ಮುಚ್ಚಿಡದೆ ಹೇಳಿ. ಮಗಳ ಎದುರು ನೆಲದ ಮೇಲೆ ಕೂತು "ನಾನು ಹೊಡೆದದ್ದು ತಪ್ಪು, ನಿಂಗೆ ನೋವಾಯ್ತು, ಇನ್ನು ಹೊಡಿಯುವುದಿಲ್ಲ" ಅಂತ ಹೇಳಿ, ಅಷ್ಟೇ ಸಾಕು. "ಆದ್ರೆ ನೀನು ಹಾಗೆ ಮಾಡಿದ್ದಕ್ಕೆ" ಅಂತ ಮುಂದುವರಿಸ್ಬೇಡಿ. ಅವಳು ಮಾಡಿದ ತಪ್ಪಿನ ಮಾತು ಬೇರೆ ಹೊತ್ತಿಗೆ, ಅವಳು ಮತ್ತೆ ನಿಮ್ಮ ಹತ್ರ ತಾನೇ ಬಂದು ಕೂತ ಮೇಲೆ.